ಕಾಡುಪ್ರಾಣಿಗಳಿಂದ ಬೆಳೆ ಹಾನಿ: ದಯಾತ್ಮಕ ಧನಕ್ಕೆ ಅರ್ಜಿ ಸಲ್ಲಿಸುವ ರೈತರಿಗೆ ಮಾಹಿತಿ

ದಾವಣಗೆರೆ ತಾಲ್ಲೂಕಿನ ಆನಗೋಡು ಹೋಬಳಿ ಹಾಗೂ ಅದರ ಆಸುಪಾಸಿನ ಮಾಯಕೊಂಡ, ಜಗಳೂರು ಕಡೆಯ ಗ್ರಾಮಗಳಲ್ಲಿ ಮಳೆಯಾಶ್ರಿತ ಮೆಕ್ಕೆಜೋಳವು ಪ್ರಮುಖ ಬೆಳೆಯಾಗಿದೆ. ಜೂನ್ ತಿಂಗಳಿನಲ್ಲಿ ಬಿತ್ತಿದ ಬೆಳೆಯ ತೆನೆಗಳಲ್ಲಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ವೇಳೆಗೆ ಹಾಲು ತುಂಬಿಕೊಳ್ಳುತ್ತದೆ. ಕಾಡುಹಂದಿಗಳು ಹೊಲಕ್ಕೆ ಇಳಿಯುವುದು ಹೆಚ್ಚಾಗಿ ಇದೇ ದಿನಗಳಲ್ಲಿ. ಬೀಜ, ಗೊಬ್ಬರ, ಕಳೆ, ಕೂಲಿ ಎಲ್ಲದಕ್ಕೂ ಹಣ ತೊಡಗಿಸಿದ ನಂತರ, ಕಟಾವಿಗೆ ಕೆಲವೇ ವಾರಗಳಿರುವಾಗ ಹಾನಿಯಾಗುವುದರಿಂದ ಮರುಬಿತ್ತನೆಗೂ ಅವಕಾಶವಿರುವುದಿಲ್ಲ. ಎರಡು ಎಕರೆಯ ರೈತನಿಗೆ ಎರಡು ರಾತ್ರಿಗಳ ಹಾವಳಿಯು ಆ ವರ್ಷದ ಸಾಲವನ್ನು ಮುಂದಿನ ವರ್ಷಕ್ಕೆ ದಾಟಿಸಲು ಸಾಕಾಗುತ್ತದೆ.

ಇಂತಹ ಹಾನಿಗೆ ಅರಣ್ಯ ಇಲಾಖೆಯ ವತಿಯಿಂದ ದಯಾತ್ಮಕ ಧನ ನೀಡುವ ವ್ಯವಸ್ಥೆ ಇದೆ. ಆದರೆ ಇದರ ಬಗ್ಗೆ ರೈತರಲ್ಲಿ ಎರಡು ಬಗೆಯ ಅಸಮಾಧಾನವಿದೆ. ಪ್ರಾಣಿಯನ್ನು ತಾನು ಕೊಲ್ಲುವಂತಿಲ್ಲ, ಅದು ತಿಂದ ಬೆಳೆಗೆ ಪೂರ್ಣ ಬೆಲೆಯೂ ದೊರೆಯುವುದಿಲ್ಲ ಎಂಬುದು ಒಂದು. ಅರ್ಜಿ ಕೊಟ್ಟರೂ ಸ್ಥಳದಲ್ಲಿ ಸಾಕ್ಷ್ಯವಿಲ್ಲವೆಂದು ತಿರಸ್ಕರಿಸಲಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಕಾನೂನಿಗೆ ಸಂಬಂಧಿಸಿದ್ದು; ಅದನ್ನು ವಲಯ ಕಛೇರಿಯ ಮಟ್ಟದಲ್ಲಿ ಬದಲಿಸಲು ಸಾಧ್ಯವಿಲ್ಲ. ಎರಡನೆಯದು ಬಹುಮಟ್ಟಿಗೆ ರೈತರ ಕೈಯಲ್ಲೇ ಇದೆ. ಈ ಪುಟದಲ್ಲಿ ಎರಡನ್ನೂ ವಿವರಿಸಲಾಗಿದೆ.

ದಯಾತ್ಮಕ ಧನ ಎಂದರೇನು?

ಜನರು ಸಾಮಾನ್ಯವಾಗಿ ಇದನ್ನು ‘ಪರಿಹಾರ’ ಎಂದು ಕರೆಯುತ್ತಾರೆ. ಇಲಾಖೆಯ ಆದೇಶಗಳಲ್ಲಿ ಬಳಸುವ ಪದ ‘ದಯಾತ್ಮಕ ಧನ’. ಈ ಎರಡರ ನಡುವಿನ ಅಂತರ ಕೇವಲ ಪದಗಳದ್ದಲ್ಲ. ಒಬ್ಬರ ಎತ್ತು ಮತ್ತೊಬ್ಬರ ಹೊಲ ಮೇಯ್ದರೆ ಎತ್ತಿನ ಮಾಲೀಕನು ನಷ್ಟ ತುಂಬಿಕೊಡಬೇಕು, ಅದು ಪರಿಹಾರ. ಕಾಡುಪ್ರಾಣಿಯ ವಿಷಯದಲ್ಲಿ ಸರ್ಕಾರವು ಅಂತಹ ಮಾಲೀಕನ ಸ್ಥಾನದಲ್ಲಿ ನಿಂತು ಹಣ ನೀಡುತ್ತಿಲ್ಲ. ಸಂಕಷ್ಟಕ್ಕೆ ಒಳಗಾದ ರೈತನಿಗೆ ನೆರವಾಗಿ, ಬೆಳೆವಾರು ಮೊದಲೇ ನಿಗದಿಪಡಿಸಿದ ದರದಲ್ಲಿ ಮೊತ್ತವನ್ನು ನೀಡುತ್ತದೆ. ಆದ್ದರಿಂದಲೇ ಈ ಮೊತ್ತವು ಮಾರುಕಟ್ಟೆಯ ಬೆಲೆಯನ್ನು ಅವಲಂಬಿಸುವುದಿಲ್ಲ. ಬಹಳಷ್ಟು ಸಂದರ್ಭಗಳಲ್ಲಿ ಅದಕ್ಕಿಂತ ಕಡಿಮೆಯೇ ಇರುತ್ತದೆ.

‘ಕಾಡುಪ್ರಾಣಿ ಸರ್ಕಾರದ ಆಸ್ತಿಯಲ್ಲವೇ? ಹಾಗಿದ್ದ ಮೇಲೆ ಸರ್ಕಾರವೇ ಹೊಣೆಯಲ್ಲವೇ?’ ಎಂದು ರೈತರು ಪ್ರಶ್ನಿಸುವುದುಂಟು. ಪ್ರಶ್ನೆ ನ್ಯಾಯವಾದುದೇ ಆಗಿದೆ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ 39ನೇ ಪ್ರಕರಣವು ಬೇಟೆಯಾಡಲ್ಪಟ್ಟ, ಸತ್ತು ಬಿದ್ದಿರುವ ಅಥವಾ ಬಂಧನದಲ್ಲಿ ಇರಿಸಲ್ಪಟ್ಟ ವನ್ಯಪ್ರಾಣಿಗಳನ್ನು ಮತ್ತು ಅವುಗಳ ಅಂಗಾಂಗಗಳನ್ನು ಸರ್ಕಾರದ ಸ್ವತ್ತೆಂದು ಹೇಳುತ್ತದೆ. ಕಾಡಿನಲ್ಲಿ ಸ್ವತಂತ್ರವಾಗಿ ತಿರುಗಾಡುವ ಹಂದಿಯ ಬಗ್ಗೆ ಆ ಪ್ರಕರಣದಲ್ಲಿ ಹಾಗೆಂದು ಹೇಳಿಲ್ಲ. ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಗುತ್ತದೆ: ಹೊಲ ಹಾಳು ಮಾಡುವವರೆಗೆ ಹಂದಿಯು ಯಾರ ಸ್ವತ್ತೂ ಅಲ್ಲದಂತೆ ತೋರುತ್ತದೆ, ಅದೇ ಹೊಲದಲ್ಲಿ ಸತ್ತರೆ ಸರ್ಕಾರದ ಸ್ವತ್ತಾಗುತ್ತದೆ. ರೈತರಿಗೆ ಇದು ಅಸಮಂಜಸವೆನಿಸಿದರೆ ಅಚ್ಚರಿಯಿಲ್ಲ. ಆದರೂ ಕಾಯ್ದೆಯ ಉದ್ದೇಶ ಮಾಲೀಕತ್ವವನ್ನು ಸ್ಥಾಪಿಸುವುದಲ್ಲ, ಸತ್ತ ಪ್ರಾಣಿಯ ಮಾಂಸ, ಚರ್ಮ, ಕೋರೆಗಳ ವ್ಯಾಪಾರವನ್ನು ತಡೆಯುವುದು ಎಂಬುದನ್ನು ಗಮನಿಸಬೇಕು. ತಮ್ಮ ಜಮೀನಿನಲ್ಲಿ ಕಾಡುಪ್ರಾಣಿ ಸತ್ತಿರುವುದು ಕಂಡುಬಂದಲ್ಲಿ ಅದನ್ನು ಹೂಳದೆ, ಸಾಗಿಸದೆ, ತಕ್ಷಣ ಅರಣ್ಯ ಸಿಬ್ಬಂದಿಗೆ ತಿಳಿಸತಕ್ಕದ್ದು. ಅಂತಹ ಸ್ವತ್ತು ಯಾರದಾದರೂ ವಶಕ್ಕೆ ಬಂದಲ್ಲಿ 48 ಗಂಟೆಗಳ ಒಳಗೆ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡುವುದು ಕಾಯ್ದೆಯಂತೆ ಕಡ್ಡಾಯವಾಗಿದೆ.

ಹಾನಿಯಾದ ದಿನವೇ ಮಾಡಬೇಕಾದುದು

ದಯಾತ್ಮಕ ಧನವು ಸ್ಥಳ ಪರಿಶೀಲನೆ ಮತ್ತು ಮಹಜರಿನ ಆಧಾರದ ಮೇಲೆ ಮಂಜೂರಾಗುತ್ತದೆ. ಅಂದರೆ ಗಸ್ತು ಅರಣ್ಯ ಪಾಲಕರು ಅಥವಾ ಉಪ ವಲಯ ಅರಣ್ಯಾಧಿಕಾರಿಗಳು ಹೊಲಕ್ಕೆ ಬಂದಾಗ ಹಾನಿಯು ಕಣ್ಣಿಗೆ ಕಾಣುವಂತಿರಬೇಕು. ಅನೇಕ ಅರ್ಜಿಗಳು ಕೈತಪ್ಪುವುದು ಇಲ್ಲಿಯೇ. ಹಂದಿ ಕೆಡವಿದ ದಂಟನ್ನು ರೈತರು ಮರುದಿನ ಬೆಳಿಗ್ಗೆಯೇ ಕೊಯ್ದು ದನಗಳಿಗೆ ಹಾಕುತ್ತಾರೆ. ಹಸಿರು ಮೇವು ವ್ಯರ್ಥವಾಗಬಾರದೆಂಬ ಅವರ ಆಲೋಚನೆ ಸಹಜವಾದುದು. ಆದರೆ ಒಂದು ವಾರದ ನಂತರ ಪರಿಶೀಲನೆಗೆ ಬರುವ ಸಿಬ್ಬಂದಿಗೆ ಅಲ್ಲಿ ಬರಿಯ ನೆಲವಷ್ಟೇ ಕಾಣುತ್ತದೆ. ಅದು ಹಂದಿ ತಿಂದ ಜಾಗವೋ, ಬೆಳೆಯೇ ಬಾರದ ಜಾಗವೋ, ಮೇವಿಗಾಗಿ ಕೊಯ್ದ ಜಾಗವೋ ಎಂದು ಹೇಳಲು ಆಧಾರ ಉಳಿದಿರುವುದಿಲ್ಲ.

ಆದ್ದರಿಂದ ಹಾನಿ ಕಂಡ ದಿನವೇ ಗಸ್ತು ಅರಣ್ಯ ಪಾಲಕರಿಗೆ ತಿಳಿಸಿ, ಪರಿಶೀಲನೆ ಮುಗಿಯುವವರೆಗೆ ಹಾನಿಗೊಳಗಾದ ಭಾಗವನ್ನು ಇದ್ದಂತೆಯೇ ಬಿಡುವುದು ಅತ್ಯಂತ ಮುಖ್ಯ. ಸಿಬ್ಬಂದಿ ಬರುವುದು ತಡವಾಗುವ ಸಂಭವವಿದ್ದಲ್ಲಿ ಮೊಬೈಲ್ ಫೋನಿನಲ್ಲಿ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಳ್ಳಬೇಕು. ಒಂದು ಚಿತ್ರದಲ್ಲಿ ಹೊಲದ ಬದು, ಮರ, ಕೊಳವೆಬಾವಿ ಮುಂತಾದ ಗುರುತಿನೊಂದಿಗೆ ಹಾನಿಯ ಒಟ್ಟು ಜಾಗ ಕಾಣಬೇಕು. ಮತ್ತೊಂದರಲ್ಲಿ ಮುರಿದ ದಂಟು ಮತ್ತು ತೆನೆ. ಇನ್ನೊಂದರಲ್ಲಿ ಹೆಜ್ಜೆ ಗುರುತು. ಹೆಜ್ಜೆ ಗುರುತಿನ ಪಕ್ಕದಲ್ಲಿ ಬೆಂಕಿಪೊಟ್ಟಣವನ್ನೋ ನಾಣ್ಯವನ್ನೋ ಇಟ್ಟರೆ ಅದರ ಗಾತ್ರ ತಿಳಿಯುತ್ತದೆ. ಮಳೆ ಬಂದರೆ ಮೊದಲು ಅಳಿಯುವುದೇ ಹೆಜ್ಜೆ ಗುರುತು.

ಯಾವ ಪ್ರಾಣಿಯಿಂದ ಹಾನಿಯಾಗಿದೆ ಎಂಬುದನ್ನು ಸಿಬ್ಬಂದಿ ಗುರುತುಗಳಿಂದಲೇ ನಿರ್ಧರಿಸುತ್ತಾರೆ. ಕಾಡುಹಂದಿಯು ಮೆಕ್ಕೆಜೋಳದ ದಂಟನ್ನು ಕೆಡವಿ, ತೆನೆಯನ್ನು ಅಗಿದು, ತಿಂದದ್ದಕ್ಕಿಂತ ಹೆಚ್ಚನ್ನು ತುಳಿದು ಹಾಕುತ್ತದೆ. ನಡುನಡುವೆ ಮೂತಿಯಿಂದ ನೆಲ ಉತ್ತ ಗುರುತು ಇರುತ್ತದೆ. ಶೇಂಗಾ ಹೊಲದಲ್ಲಿ ಗಿಡಗಳನ್ನು ಬುಡಸಮೇತ ಕೀಳುತ್ತದೆ. ಕೃಷ್ಣಮೃಗ, ಜಿಂಕೆಗಳು ಎಳೆಯ ಪೈರಿನ ಕುಡಿಗಳನ್ನು ಕತ್ತರಿಸಿದಂತೆ ಮೇಯುತ್ತವೆ ಮತ್ತು ಹಿಕ್ಕೆಗಳನ್ನು ಬಿಟ್ಟುಹೋಗುತ್ತವೆ. ಮುಳ್ಳುಹಂದಿಯು ಎಳೆಯ ಗಿಡಗಳ ಬುಡವನ್ನು ಕಡಿಯುತ್ತದೆ. ಊರ ದನ ಮೇಯ್ದ ಹೊಲವೂ ಅನುಭವವುಳ್ಳವರ ಕಣ್ಣಿಗೆ ತಿಳಿಯುತ್ತದೆ. ರೈತರಿಗೆ ಇವೆಲ್ಲ ತಿಳಿದ ಸಂಗತಿಗಳೇ. ಮಹಜರಿನಲ್ಲಿ ಅವು ಬರಹದಲ್ಲಿ ದಾಖಲಾಗಿವೆಯೇ ಎಂಬುದನ್ನು ಸಹಿ ಹಾಕುವ ಮುನ್ನ ಓದಿಸಿ ಕೇಳಿ ಖಚಿತಪಡಿಸಿಕೊಳ್ಳುವುದು ಒಳಿತು. ಸರ್ವೆ ನಂಬರ್, ಬೆಳೆಯ ಹೆಸರು, ಹಾನಿಯಾದ ವಿಸ್ತೀರ್ಣ ಮತ್ತು ದಿನಾಂಕ ಈ ನಾಲ್ಕರಲ್ಲಿ ಯಾವುದು ತಪ್ಪಾದರೂ ಅರ್ಜಿಯು ಮುಂದಿನ ಹಂತದಲ್ಲಿ ಹಿಂದಿರುಗುತ್ತದೆ.

ಅರ್ಜಿ ಮತ್ತು ದಾಖಲೆಗಳು

ಅರ್ಜಿಯನ್ನು ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಛೇರಿಗೆ ಸಲ್ಲಿಸತಕ್ಕದ್ದು. ಪ್ರಕರಣಗಳನ್ನು ಇಲಾಖೆಯ ಇ-ಪರಿಹಾರ ತಂತ್ರಾಂಶದಲ್ಲಿ ದಾಖಲಿಸಿ, ಮಂಜೂರಾದ ಮೊತ್ತವನ್ನು ರೈತರ ಬ್ಯಾಂಕ್ ಖಾತೆಗೆ ಜಮಾ ಮಾಡಲಾಗುತ್ತದೆ. ಅರ್ಜಿಯೊಂದಿಗೆ ಪ್ರಸಕ್ತ ಸಾಲಿನ ಪಹಣಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಮತ್ತು ಛಾಯಾಚಿತ್ರಗಳನ್ನು ಇರಿಸಿಕೊಂಡು ಹೋಗುವುದು ಸೂಕ್ತ. ಅರ್ಜಿ ಸಲ್ಲಿಸಿದ ಕೂಡಲೇ ಸ್ವೀಕೃತಿಯನ್ನು ಕೇಳಿ ಪಡೆಯಬೇಕು. ಮುಂದೆ ವಿಚಾರಿಸಲು ಅದರಲ್ಲಿನ ಸಂಖ್ಯೆ ಮತ್ತು ದಿನಾಂಕವೇ ಆಧಾರ.

ಪಹಣಿಯ ವಿಷಯದಲ್ಲಿ ಎರಡು ತೊಡಕುಗಳು ಪದೇ ಪದೇ ಎದುರಾಗುತ್ತವೆ. ಜಮೀನು ಇನ್ನೂ ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಇದ್ದು, ಉಳುಮೆ ಮಾಡುವವರು ಮಕ್ಕಳು ಅಥವಾ ಮೊಮ್ಮಕ್ಕಳಾಗಿರುವುದು ಮೊದಲನೆಯದು. ಹಣವನ್ನು ಯಾರ ಖಾತೆಗೆ ಜಮಾ ಮಾಡಬೇಕೆಂಬ ಪ್ರಶ್ನೆ ಆಗ ಏಳುತ್ತದೆ. ಬೆಳೆ ಹಾನಿಯಾದ ನಂತರ ಪೌತಿ ಖಾತೆಗಾಗಿ ಓಡಾಡುವುದಕ್ಕಿಂತ ಬಿತ್ತನೆಗೆ ಮುನ್ನವೇ ತಾಲ್ಲೂಕು ಕಛೇರಿಯಲ್ಲಿ ಅದನ್ನು ಮಾಡಿಸಿಕೊಳ್ಳುವುದು ಲೇಸು. ಎರಡನೆಯದು, ಜಮೀನನ್ನು ಗುತ್ತಿಗೆಗೆ ಅಥವಾ ಪಾಲಿಗೆ ಪಡೆದು ಬೆಳೆಯುವವರ ಸ್ಥಿತಿ. ನಷ್ಟ ಅನುಭವಿಸಿದವರು ಅವರೇ ಆದರೂ ದಾಖಲೆಯಲ್ಲಿ ಅವರ ಹೆಸರು ಇರುವುದಿಲ್ಲ. ಜಮೀನಿನ ಮಾಲೀಕರೊಂದಿಗೆ ಈ ಕುರಿತು ಮೊದಲೇ ಲಿಖಿತವಾಗಿ ಮಾತನಾಡಿಕೊಂಡಿರದಿದ್ದರೆ ಹಣವು ಬೆವರು ಸುರಿಸಿದವರಿಗೆ ತಲುಪದೆ ಹೋಗಬಹುದು. ಅರಣ್ಯ ಭೂಮಿಯನ್ನು ಒತ್ತುವರಿ ಮಾಡಿ ಬೆಳೆದ ಬೆಳೆಗೆ ದಯಾತ್ಮಕ ಧನ ದೊರೆಯುವುದಿಲ್ಲ.

ದರಪಟ್ಟಿಯನ್ನು ಸರ್ಕಾರವು ಕಾಲಕಾಲಕ್ಕೆ ಪರಿಷ್ಕರಿಸುತ್ತದೆಯಾದ್ದರಿಂದ, ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ದರವನ್ನು ಹಾಗೂ ಯಾವ ಯಾವ ಪ್ರಾಣಿಗಳಿಂದಾದ ಹಾನಿಯು ಯೋಜನೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ವಲಯ ಕಛೇರಿಯಲ್ಲಿಯೇ ಕೇಳಿ ತಿಳಿದುಕೊಳ್ಳಬೇಕು.

ಹಂದಿಯನ್ನು ಏಕೆ ಕೊಲ್ಲುವಂತಿಲ್ಲ?

ಹಿರಿಯರು ತಮ್ಮ ಕಾಲದಲ್ಲಿ ಬೇಟೆಗೆ ಪರವಾನಗಿ ದೊರೆಯುತ್ತಿತ್ತೆಂದು ನೆನಪಿಸಿಕೊಳ್ಳುತ್ತಾರೆ. ಅದು ನಿಜ. ಪರವಾನಗಿ ಪಡೆದು ಬೇಟೆಯಾಡುವ ಅವಕಾಶವು 1991ರ ತಿದ್ದುಪಡಿಯಿಂದ ಕೊನೆಗೊಂಡಿತು. ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದಕ್ಕೆ ಬಹಳ ವಿಶಾಲವಾದ ಅರ್ಥವಿದೆ. ಗುಂಡು ಹಾರಿಸಿ ಕೊಲ್ಲುವುದಷ್ಟೇ ಅಲ್ಲ. ವಿಷವಿಡುವುದು, ಉರುಳು ಹಾಕುವುದು, ಬಲೆ ಬೀಸುವುದು, ಆಮಿಷ ಒಡ್ಡುವುದು ಮತ್ತು ಇವುಗಳಲ್ಲಿ ಯಾವುದನ್ನೇ ಪ್ರಯತ್ನಿಸುವುದೂ ಬೇಟೆಯೇ. ಬೆಳೆ ರಕ್ಷಣೆಗಾಗಿ ಪಡೆದ ಬಂದೂಕಿನ ಪರವಾನಗಿಯು ಬೇಟೆಯ ಅನುಮತಿಯಲ್ಲ ಎಂಬುದನ್ನೂ ಗಮನಿಸಬೇಕು.

2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಂತರ ಪ್ರಾಣಿಗಳ ಅನುಸೂಚಿಗಳು ಬದಲಾಗಿವೆ. ಈಗ ಕಾಡುಹಂದಿಯು 2ನೇ ಅನುಸೂಚಿಯಲ್ಲಿದೆ. ಕೃಷ್ಣಮೃಗ ಮತ್ತು ಕೊಂಡುಕುರಿಗಳು ಅತಿ ಹೆಚ್ಚಿನ ರಕ್ಷಣೆಯುಳ್ಳ 1ನೇ ಅನುಸೂಚಿಯಲ್ಲಿವೆ. 1ನೇ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡವಿದೆ.

ಹಾಗೆಂದು ಕಾಯ್ದೆಯು ಬೆಳೆಯನ್ನು ಪೂರ್ಣವಾಗಿ ಮರೆತಿಲ್ಲ. 11ನೇ ಪ್ರಕರಣದಂತೆ, 2ನೇ ಅನುಸೂಚಿಯ ಪ್ರಾಣಿಯು ಮನುಷ್ಯರ ಜೀವಕ್ಕೆ ಅಥವಾ ಹೊಲದಲ್ಲಿ ನಿಂತಿರುವ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾಗಿದೆ ಎಂದು ಮನವರಿಕೆಯಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯು ಕಾರಣಗಳನ್ನು ದಾಖಲಿಸಿ ಲಿಖಿತ ಆದೇಶದ ಮೂಲಕ ಬೇಟೆಗೆ ಅನುಮತಿಸಬಹುದು. ಈ ಅಧಿಕಾರವನ್ನು ಹೇಗೆ ಬಳಸಬೇಕೆಂಬುದರಲ್ಲಿ ರಾಜ್ಯಗಳು ಬೇರೆ ಬೇರೆ ಹಾದಿ ಹಿಡಿದಿವೆ. ನೆರೆಯ ಕೇರಳವು 2022ರಲ್ಲಿ ಕಾಡುಹಂದಿಯ ಮಟ್ಟಿಗೆ ಇದನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು. 62ನೇ ಪ್ರಕರಣದಡಿ ಪ್ರಾಣಿಯೊಂದನ್ನು ನಿರ್ದಿಷ್ಟ ಪ್ರದೇಶದಲ್ಲಿ, ನಿರ್ದಿಷ್ಟ ಅವಧಿಗೆ ಉಪದ್ರವಕಾರಿಯೆಂದು ಘೋಷಿಸುವ ಅಧಿಕಾರ ಇರುವುದು ಕೇಂದ್ರ ಸರ್ಕಾರಕ್ಕೆ ಮಾತ್ರ. ಬಿಹಾರದಲ್ಲಿ 2015ರಲ್ಲಿ ನೀಲಗಾಯ್ ಮತ್ತು ಕಾಡುಹಂದಿಯನ್ನು, ಉತ್ತರಾಖಂಡದಲ್ಲಿ 2016ರಲ್ಲಿ ಕಾಡುಹಂದಿಯನ್ನು ಹೀಗೆ ಘೋಷಿಸಲಾಗಿತ್ತು. ವಲಯ ಅರಣ್ಯಾಧಿಕಾರಿಗಳಿಗೆ ಇಂತಹ ಘೋಷಣೆ ಮಾಡುವ ಅಧಿಕಾರವಿಲ್ಲ. ಆದಕಾರಣ ‘ನೀವು ಹೂಂ ಎಂದರೆ ಸಾಕು’ ಎಂದು ಸಿಬ್ಬಂದಿಯನ್ನು ಒತ್ತಾಯಿಸುವುದರಿಂದ ಪ್ರಯೋಜನವಾಗದು.

ನೆರೆಯ ರಾಣೆಬೆನ್ನೂರಿನ ಅನುಭವ

ಹೆದ್ದಾರಿಯಲ್ಲಿ ದಾವಣಗೆರೆ, ಹರಿಹರಗಳನ್ನು ದಾಟಿ ಹುಬ್ಬಳ್ಳಿಯ ಕಡೆಗೆ ಸಾಗಿದರೆ ದೊರೆಯುವ ರಾಣೆಬೆನ್ನೂರಿನಲ್ಲಿ ಈ ಸಂಘರ್ಷವು ಅರ್ಧ ಶತಮಾನದಷ್ಟು ಹಳೆಯದು. ಅಲ್ಲಿ 1974ರಲ್ಲಿ 119 ಚದರ ಕಿಲೋಮೀಟರ್ ವಿಸ್ತೀರ್ಣದ ಕೃಷ್ಣಮೃಗ ಅಭಯಾರಣ್ಯವನ್ನು ಘೋಷಿಸಲಾಯಿತು. ಕೃಷ್ಣಮೃಗವು ಬಯಲಿನ ಪ್ರಾಣಿ. ದೂರದವರೆಗೆ ನೋಟ ಹರಿಯುವ ಹುಲ್ಲುಗಾವಲು ಅದಕ್ಕೆ ಬೇಕು. ಆದರೆ ಅಲ್ಲಿನ ಬಯಲಿನ ಬಹುಭಾಗದಲ್ಲಿ ನೀಲಗಿರಿ ನೆಡುತೋಪುಗಳನ್ನು ಬೆಳೆಸಲಾಗಿತ್ತು. ನೀಲಗಿರಿಯ ನೆರಳಿನಲ್ಲಿ ಮೇವು ಕಡಿಮೆ. ಅಭಯಾರಣ್ಯದ ಗಡಿಯಾಚೆ ಮೊಳೆಯುವ ಮೆಕ್ಕೆಜೋಳ, ಜೋಳ, ಶೇಂಗಾ ಹೊಲಗಳು ಹಿಂಡುಗಳಿಗೆ ಹುಲ್ಲುಗಾವಲಿನಂತೆಯೇ ತೋರುತ್ತವೆ. ಪ್ರಾಣಿಗಳನ್ನು ಉಳಿಸುವಲ್ಲಿ ಅಲ್ಲಿನ ಪ್ರಯತ್ನ ಯಶಸ್ವಿಯಾಯಿತು. ಅವುಗಳ ಸಂಖ್ಯೆ ಸಾವಿರಗಳನ್ನು ಮುಟ್ಟಿತು. ಆ ಯಶಸ್ಸಿನ ವೆಚ್ಚದ ಒಂದು ಪಾಲನ್ನು ಸುತ್ತಲಿನ ಒಣಭೂಮಿಯ ರೈತರು ತಮ್ಮ ಪೈರಿನಲ್ಲಿ ತೆತ್ತಿದ್ದಾರೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ನಮ್ಮ ಜಿಲ್ಲೆಯ ಸ್ಥಿತಿ ಸ್ವಲ್ಪ ಭಿನ್ನ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ಕೊಂಡುಕುರಿಗಾಗಿಯೇ ಅಭಯಾರಣ್ಯ ಘೋಷಣೆಯಾಗಿದೆ. ಗಂಡಿಗೆ ನಾಲ್ಕು ಕೊಂಬುಗಳಿರುವ ಈ ಪ್ರಾಣಿಯು ಒಂಟಿಯಾಗಿ ಅಥವಾ ಜೋಡಿಯಾಗಿ ತಿರುಗಾಡುತ್ತದೆ. ಹಿಂಡುಹಿಂಡಾಗಿ ಹೊಲಕ್ಕೆ ನುಗ್ಗುವ ಸ್ವಭಾವ ಅದರದಲ್ಲ. ಅಭಯಾರಣ್ಯದ ಹೆಸರಿನ ಪ್ರಾಣಿ ಒಂದಾದರೆ, ರೈತನ ನಿದ್ದೆಗೆಡಿಸುವ ಪ್ರಾಣಿ ಮತ್ತೊಂದು. ಕಾಡುಹಂದಿಯು ಒಂದೇ ಸೂಲಿನಲ್ಲಿ ಹಲವು ಮರಿಗಳನ್ನು ಹಾಕುತ್ತದೆ. ಎತ್ತರಕ್ಕೆ ಬೆಳೆದ ಮೆಕ್ಕೆಜೋಳದ ಹೊಲವು ಅದಕ್ಕೆ ಆಹಾರವೂ ಹೌದು, ಹಗಲಿನ ಅಡಗುತಾಣವೂ ಹೌದು. ಹೀಗಾಗಿ ಕಾಡಿನಂಚನ್ನು ಕಾದರೂ ಹಂದಿಯು ಹೊಲದೊಳಗೇ ಉಳಿದಿರುವ ಸಾಧ್ಯತೆ ಇರುತ್ತದೆ.

ಈ ಬಗೆಯ ವಿವಾದ ನಮ್ಮಲ್ಲಿ ಮಾತ್ರ ಇರುವಂಥದ್ದಲ್ಲ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಎಲ್ಕ್ ಎಂಬ ಭಾರೀ ಗಾತ್ರದ ಜಿಂಕೆಗಳು ದನ ಸಾಕುವವರ ಹುಲ್ಲುಗಾವಲು ಮತ್ತು ಒಣಹುಲ್ಲಿನ ಬಣವೆಗಳಿಗೆ ನುಗ್ಗುತ್ತವೆ. ವಯೋಮಿಂಗ್ ರಾಜ್ಯದಲ್ಲಿ ಹಾನಿಗೆ ವನ್ಯಜೀವಿ ಇಲಾಖೆಯೇ ಹಣ ನೀಡುತ್ತದೆ. ಆದರೆ ಜಮೀನಿನ ಮಾಲೀಕನು ಬೇಟೆಯ ಋತುವಿನಲ್ಲಿ ತನ್ನ ಜಮೀನಿನೊಳಗೆ ಬೇಟೆಗಾರರಿಗೆ ಅವಕಾಶ ಕೊಟ್ಟಿರಬೇಕು ಮತ್ತು ಹಾನಿ ಕಂಡ 15 ದಿನಗಳೊಳಗೆ ತಿಳಿಸಿರಬೇಕು. ಮೊಂಟಾನದಲ್ಲಿ ನಗದು ಪರಿಹಾರವಿಲ್ಲ, ಬೇಲಿಯ ಸಾಮಗ್ರಿಯಂತಹ ನೆರವು ದೊರೆಯುತ್ತದೆ. ಬೇಟೆಯ ಷರತ್ತು ನಮ್ಮ ಕಾನೂನಿಗೆ ಹೊಂದುವುದಿಲ್ಲ. ಆದರೆ ಬೇಗನೆ ತಿಳಿಸಬೇಕೆಂಬ ಷರತ್ತು ಅಲ್ಲಿಯೂ ಇದೆ, ಕಾರಣವೂ ಅದೇ: ಮೇಯ್ದ ಹುಲ್ಲು ಮತ್ತೆ ಚಿಗುರಿದರೆ ಸಾಕ್ಷ್ಯ ಉಳಿಯುವುದಿಲ್ಲ.

ಬೇಲಿಯ ವಿಷಯದಲ್ಲಿ ಎಚ್ಚರಿಕೆ

ಅಟ್ಟಣೆ ಕಟ್ಟಿ ಕಾಯುವುದು, ಡಬ್ಬ ಬಡಿಯುವುದು, ಹೊಲದ ಸುತ್ತ ಹಳೆಯ ಸೀರೆಗಳನ್ನು ಕಟ್ಟುವುದು ಇವೆಲ್ಲವೂ ರೂಢಿಯಲ್ಲಿರುವ ಕ್ರಮಗಳು. ಕೆಲವು ದಿನಗಳ ನಂತರ ಹಂದಿಗಳು ಇವುಗಳಿಗೆ ಒಗ್ಗಿಕೊಳ್ಳುತ್ತವೆಯಾದರೂ, ಹಾಲುಗಾಳಿನ ಎರಡು ಮೂರು ವಾರಗಳನ್ನು ಕಳೆಯಲು ಅವು ನೆರವಾಗುತ್ತವೆ. ಕ್ರಮವನ್ನು ಆಗಾಗ ಬದಲಿಸುತ್ತಿರುವುದು ಉತ್ತಮ.

ವಿದ್ಯುತ್ ಮಾರ್ಗದಿಂದ ನೇರವಾಗಿ ತಂತಿ ಎಳೆದು ಬೇಲಿಗೆ ಹರಿಸುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಕೂಡದು. ಸೌರಶಕ್ತಿ ಬೇಲಿಯಲ್ಲಿಯೂ ವಿದ್ಯುತ್ ಇರುತ್ತದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ ಜೀವ ಸಾವುಗಳದ್ದು. ಸೌರಶಕ್ತಿ ಬೇಲಿಯ ಉಪಕರಣವು ವಿದ್ಯುತ್ತನ್ನು ಕ್ಷಣದ ಅತಿ ಚಿಕ್ಕ ಭಾಗದಷ್ಟು ಕಾಲ ಮಾತ್ರ, ಬಿಟ್ಟು ಬಿಟ್ಟು ಮಿಡಿತದಂತೆ ಹರಿಸುತ್ತದೆ. ತಾಗಿದ ಪ್ರಾಣಿಯು ಬೆಚ್ಚಿ ಹಿಂದಕ್ಕೆ ಸರಿಯಲು ಎಡೆಯಿರುತ್ತದೆ. ನೇರ ಮಾರ್ಗದ ವಿದ್ಯುತ್ ಎಡೆಬಿಡದೆ ಹರಿಯುತ್ತದೆ. ತಾಗಿದವರ ಸ್ನಾಯುಗಳು ಬಿಗಿದುಕೊಂಡು ತಂತಿಯನ್ನು ಬಿಡಲಾಗುವುದಿಲ್ಲ. ಕತ್ತಲಲ್ಲಿ ನೀರು ಕಟ್ಟಲು ಬಂದ ನೆರೆಹೊಲದವರು, ಕುರಿ ಹಟ್ಟಿಯವರು, ಬೇಲಿ ಹಾಕಿದವರ ಮನೆಯವರೇ ಇದಕ್ಕೆ ಬಲಿಯಾಗಬಹುದು. ಇಂತಹ ಕೃತ್ಯವು ವಿದ್ಯುತ್ ಕಾಯ್ದೆ, 2003ರ 135ನೇ ಪ್ರಕರಣದಂತೆ ವಿದ್ಯುತ್ ಕಳವು. ಪ್ರಾಣಿ ಸತ್ತರೆ ವನ್ಯಜೀವಿ ಕಾಯ್ದೆಯಡಿ ಮೊಕದ್ದಮೆ. ಮನುಷ್ಯರು ಸತ್ತರೆ ಕ್ರಿಮಿನಲ್ ಮೊಕದ್ದಮೆ. ಸಿಡಿಮದ್ದು ತುಂಬಿದ ಆಹಾರದ ಉಂಡೆಗಳನ್ನು ಇಡುವುದೂ ಅಷ್ಟೇ ಅಪಾಯಕಾರಿ. ಅದನ್ನು ಕಚ್ಚುವುದು ಹಂದಿಯೇ ಆಗಬೇಕೆಂದಿಲ್ಲ, ಮೇಯಲು ಬಿಟ್ಟ ಹಸುವೂ ಆಗಬಹುದು.

ಸೌರಶಕ್ತಿ ಬೇಲಿಗೆ ಸಹಾಯಧನ ಒದಗಿಸುವ ಯೋಜನೆಯಿದ್ದು, ಅದು ಆಯಾ ವರ್ಷದ ಅನುದಾನವನ್ನು ಅವಲಂಬಿಸಿರುತ್ತದೆ. ಸಾಮಗ್ರಿ ಖರೀದಿಸಿದ ನಂತರ ಅರ್ಜಿ ಹಾಕುವುದಲ್ಲ. ಮೊದಲು ವಲಯ ಕಛೇರಿಯಲ್ಲಿ ವಿಚಾರಿಸಿ, ನಂತರ ಖರೀದಿಗೆ ಮುಂದಾಗಬೇಕು. ಬೇಲಿಯ ಕೆಳಗಿನ ತಂತಿಗೆ ಹುಲ್ಲು ತಾಗಿದರೆ ವಿದ್ಯುತ್ ನೆಲಕ್ಕೆ ಸೋರಿ ಬೇಲಿ ನಿಷ್ಪ್ರಯೋಜಕವಾಗುವುದರಿಂದ ಮಳೆಗಾಲದಲ್ಲಿ ಕಳೆ ತೆಗೆಯುತ್ತಿರಬೇಕು.

ಬೆಳೆ ವಿಮೆ

ದಯಾತ್ಮಕ ಧನ ಮತ್ತು ಬೆಳೆ ವಿಮೆ ಬೇರೆ ಬೇರೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿಗಳ ದಾಳಿಯಿಂದಾಗುವ ಬೆಳೆ ನಷ್ಟವನ್ನು ಸ್ಥಳೀಯ ವಿಪತ್ತುಗಳ ಅಡಿಯಲ್ಲಿ ಹೆಚ್ಚುವರಿ ರಕ್ಷಣೆಯಾಗಿ 2026ರ ಮುಂಗಾರಿನಿಂದ ಸೇರಿಸಲಾಗುವುದೆಂದು ಕೇಂದ್ರ ಕೃಷಿ ಸಚಿವಾಲಯವು 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಯಾವ ಪ್ರಾಣಿಗಳು, ಯಾವ ಪ್ರದೇಶ ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚಿಸಬೇಕು. ಹಾನಿಯನ್ನು 72 ಗಂಟೆಗಳೊಳಗೆ ಬೆಳೆ ವಿಮೆ ಆ್ಯಪ್ ಮೂಲಕ, ಸ್ಥಳದ ಗುರುತುಳ್ಳ ಛಾಯಾಚಿತ್ರಗಳೊಂದಿಗೆ ತಿಳಿಸಬೇಕೆಂಬುದು ಅದರ ಷರತ್ತು. ವಿಮಾ ಕಂತು ಕಟ್ಟುವ ಮುನ್ನ ತಮ್ಮ ಹೋಬಳಿ ಮತ್ತು ಬೆಳೆಗೆ ಇದು ಅನ್ವಯಿಸುತ್ತದೆಯೇ ಎಂದು ಆನಗೋಡಿನ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳಬೇಕು.

ಅರ್ಜಿ ವಿಳಂಬವಾದಲ್ಲಿ ಅಥವಾ ತಿರಸ್ಕೃತವಾದಲ್ಲಿ

ತಿರಸ್ಕಾರಕ್ಕೆ ಕಾರಣವನ್ನು ಲಿಖಿತವಾಗಿ ಕೇಳಬಹುದು. ಬಾಯಿಮಾತಿನ ‘ಆಗುವುದಿಲ್ಲ’ ಎಂಬ ಉತ್ತರದ ಮೇಲೆ ಮೇಲಧಿಕಾರಿಗಳು ಕ್ರಮ ಕೈಗೊಳ್ಳಲು ಬರುವುದಿಲ್ಲ. ಬರಹದಲ್ಲಿದ್ದರೆ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ, ಅನಂತರ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ಮನವಿ ಸಲ್ಲಿಸಬಹುದು. ಮಹಜರಿನ ಪ್ರತಿಯನ್ನಾಗಲಿ, ಅರ್ಜಿಯ ಮೇಲೆ ಕೈಗೊಂಡ ಕ್ರಮದ ವಿವರವನ್ನಾಗಲಿ ಮಾಹಿತಿ ಹಕ್ಕು ಕಾಯ್ದೆ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಕೋರಬಹುದು; ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕು.

ಅರಣ್ಯ ವಲಯಗಳ ಗಡಿಯು ಕಂದಾಯ ಗಡಿಯೊಂದಿಗೆ ಯಾವಾಗಲೂ ಹೊಂದಿಕೆಯಾಗುವುದಿಲ್ಲ. ಉದಾಹರಣೆಗೆ ಚನ್ನಗಿರಿಯು ದಾವಣಗೆರೆ ಜಿಲ್ಲೆಯ ತಾಲ್ಲೂಕಾದರೂ ಅಲ್ಲಿನ ಅರಣ್ಯ ವಲಯವು ಭದ್ರಾವತಿ ವಿಭಾಗಕ್ಕೆ ಸೇರಿದೆ. ತಮ್ಮ ಗ್ರಾಮವು ಯಾವ ವಲಯಕ್ಕೆ ಬರುತ್ತದೆ ಎಂಬುದು ತಿಳಿಯದಿದ್ದಲ್ಲಿ, ಅಥವಾ ರಾತ್ರಿ ವೇಳೆ ತುರ್ತಾಗಿ ತಿಳಿಸಬೇಕಾದಲ್ಲಿ, ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ಆನಗೋಡಿನಲ್ಲಿರುವ ಇಂದಿರಾ ಪ್ರಿಯದರ್ಶಿನಿ ಪ್ರಾಣಿ ಸಂಗ್ರಹಾಲಯವು ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೆ ಸೇರಿದ್ದಾಗಿದ್ದು, ಬೆಳೆ ಹಾನಿಯ ಅರ್ಜಿಗಳನ್ನು ಅಲ್ಲಿಗೆ ಕೊಂಡೊಯ್ಯದೆ ವಲಯ ಅರಣ್ಯಾಧಿಕಾರಿಗಳ ಕಛೇರಿಯಲ್ಲಿಯೇ ಸಲ್ಲಿಸಲು ಕೋರಲಾಗಿದೆ.